ಡರ್ಹಮ್ ಹೋಮ್ ಗಾರ್ಡ್ ಕಡತಗಳು: ನಾಲ್ಕು ವರ್ಷ ಬಳಸಿದ ಮೇಲೆ

ನಾನಿರುವುದು ಇಂಗ್ಲೆಂಡಿನ ಡರ್ಹಮ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ಒಂದು ದಿನ ಚಹಾ ಕುಡಿಯುತ್ತಾ, ತಮ್ಮ ತಾತ ಎಂಬತ್ತನೇ ವಯಸ್ಸಿನಲ್ಲಿ ಬಂದೂಕು ಹಿಡಿದು ರಾತ್ರಿಯೆಲ್ಲ ಕಲ್ಲಿದ್ದಲು ಗಣಿ ಕಾಯುತ್ತಿದ್ದರು ಅಂದರು. ಅದು ಎರಡನೇ ಮಹಾಯುದ್ಧದ ಕಾಲ. ಎಂಬತ್ತಾ? ನಂಬುವುದು ಕಷ್ಟವಾಯಿತು. ಆದರೆ ಅವರು ಹೇಳಿದ ರೀತಿ ನೋಡಿ ಸುಮ್ನೆ ಬಿಡಲೂ ಮನಸ್ಸಾಗಲಿಲ್ಲ. ಬ್ರಿಟಿಷ್ ನ್ಯಾಷನಲ್ ಆರ್ಕೈವ್ಸ್‌ನ ಡರ್ಹಮ್ ಹೋಮ್ ಗಾರ್ಡ್ ಕಡತಗಳನ್ನು ನಾನು ಬಳಸೋಕೆ ಶುರು ಮಾಡಿದ್ದು ಹೀಗೆ.

ಇಲ್ಲಿ ಹೋಮ್ ಗಾರ್ಡ್ ಅಂದರೆ ನಮ್ಮೂರಲ್ಲಿ ಜಾತ್ರೆ, ಚುನಾವಣೆ ಬಂದೋಬಸ್ತಿಗೆ ನಿಲ್ಲುವವರಲ್ಲ. 1940ರ ಮೇ 14ರಂದು ಯುದ್ಧಮಂತ್ರಿ ಆಂಥೊನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟರು. ಜರ್ಮನ್ ಪಡೆ ಆಕಾಶದಿಂದ ಇಳಿದರೆ ಊರು ಕಾಯಲು 17ರಿಂದ 65 ವರ್ಷದ ಗಂಡಸರು ಬೇಕು ಅಂತ. ಜನ ಪೊಲೀಸ್ ಠಾಣೆಗಳಿಗೆ ನುಗ್ಗಿದರು. ಮೊದಲು ತೋಳಿಗೊಂದು ಪಟ್ಟಿ, ಕೈಗೆ ಮನೆಯಲ್ಲಿದ್ದ ಬೇಟೆ ಕೋವಿ, ಅಷ್ಟೇ. ಆ ಜುಲೈನಲ್ಲಿ ಚರ್ಚಿಲ್ ಇಷ್ಟದಂತೆ ಹೋಮ್ ಗಾರ್ಡ್ ಅನ್ನೋ ಹೆಸರು ಬಂತು, 1944ರ ಡಿಸೆಂಬರ್ 3ರಂದು ಕೆಲಸ ನಿಂತಿತು. 65ರ ಮಿತಿಯನ್ನು ಯಾರೂ ಅಷ್ಟು ಬಿಗಿಯಾಗಿ ನೋಡಲಿಲ್ಲ. ಸ್ಕಾಟ್ಲೆಂಡಿನ ಕ್ರೀಫ್ ಊರಿನಲ್ಲಿ 1884-85ರ ಸುಡಾನ್ ಯುದ್ಧ ಕಂಡಿದ್ದ, ಎಂಬತ್ತು ದಾಟಿದ ಒಬ್ಬರು ಸೇರಿದ್ದ ಕತೆ ಈಗಲೂ ಎಲ್ಲರೂ ಹೇಳುತ್ತಾರೆ.

ಈಗ ಕಡತಗಳ ವಿಷಯ. ಸರಣಿಯ ಗುರುತು ಡಬ್ಲ್ಯುಓ (WO, ಅಂದರೆ ವಾರ್ ಆಫೀಸ್, ಯುದ್ಧ ಇಲಾಖೆ) 409. ಡಿಸ್ಕವರಿ ಅನ್ನೋ ಕ್ಯಾಟಲಾಗ್‌ನಲ್ಲಿ ಹೆಸರು, ಹುಟ್ಟಿದ ದಿನ ಹಾಕಿ ಹುಡುಕಬಹುದು. ನನಗೆ ತುಂಬಾ ಇಷ್ಟವಾದದ್ದು ಇದೇ. ಹೆಸರು ಗೊತ್ತಿಲ್ಲದಿದ್ದರೂ ಸರಣಿಯ ಗುರುತಿನ ಜೊತೆ ಬರೀ 1872 ಅಂತ ಹಾಕಿ ನೋಡಿ, ಮುದುಕರು ಸಿಗುತ್ತಾರೆ. ಇನ್ನೂ ಬದುಕಿರಬಹುದಾದವರ ಕಡತ ಮುಚ್ಚಿರುತ್ತದೆ, ಅದು ಸರಿಯೇ. ಆದರೆ ನಮಗೆ ಬೇಕಾದವರು 1860, 70ರ ದಶಕದಲ್ಲಿ ಹುಟ್ಟಿದವರು, ಹಾಗಾಗಿ ಆ ಬಾಗಿಲು ನಮಗೆ ತೆರೆದೇ ಇದೆ. ಕಡತದಲ್ಲಿ ಸಿಗುವುದು ಮುಖ್ಯವಾಗಿ ಒಂದೇ ಕಾಗದ, ಸೇರ್ಪಡೆಯ ಫಾರಂ, ನಂಬರ್ ಡಬ್ಲ್ಯು 3066. ಹೆಸರು, ವಿಳಾಸ, ಹುಟ್ಟಿದ ದಿನ, ಹಿಂದೆ ಸೇನೆಯಲ್ಲಿದ್ದರೆ ಅದರ ವಿವರ, ಕೆಳಗೆ ಸಹಿ. ರಾತ್ರಿ ಪಾಳಿಯಲ್ಲಿ ಏನಾಯಿತು, ಯಾವ ಸೇತುವೆ ಕಾದರು ಅನ್ನೋದೆಲ್ಲ ಬೇಕಿದ್ದರೆ ಊರಿನ ಹಳೆಯ ಪತ್ರಿಕೆ ನೋಡಬೇಕು.

ಅಜ್ಜಿಯ ತಾತನ ಫಾರಂ ತೆರೆದ ದಿನ ನನಗೆ ಸ್ವಲ್ಪ ನಿರಾಸೆಯಾಯಿತು. ಹುಟ್ಟಿದ್ದು 1876 ಅಂತ ಇತ್ತು. ಅಂದರೆ 64 ವರ್ಷ. ಎಂಬತ್ತೆಲ್ಲಿ, ಅರವತ್ತನಾಲ್ಕೆಲ್ಲಿ! ಮನೆಯವರು ಉಬ್ಬಿಸಿ ಹೇಳಿದ್ದಾರೆ ಅಂದುಕೊಂಡು ಒಂದು ತಿಂಗಳು ಅದನ್ನು ಮುಟ್ಟಲೇ ಇಲ್ಲ.

ಆಮೇಲೆ 1939ರ ರಿಜಿಸ್ಟರ್ ನೆನಪಾಯಿತು. ಯುದ್ಧ ಶುರುವಾದ ತಿಂಗಳಲ್ಲೇ, ಸೆಪ್ಟೆಂಬರ್ 29ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಮನೆಮನೆಯಲ್ಲಿ ಯಾರಿದ್ದಾರೆ ಅಂತ ಬರೆದುಕೊಂಡ ಪಟ್ಟಿ ಅದು. ಹುಟ್ಟಿದ ದಿನವೂ ಇರುತ್ತದೆ. ದುಡ್ಡು ಕಟ್ಟಿ ಸೇರಿದ್ದ ಒಂದು ವಂಶಾವಳಿ ವೆಬ್‌ಸೈಟಿನಲ್ಲಿ ಹುಡುಕಿದರೆ ಅವರು ಸಿಗಲೇ ಇಲ್ಲ. ಕೊನೆಗೆ ಆ ಬೀದಿಯ ಪುಟಗಳನ್ನೇ ಒಂದೊಂದಾಗಿ ತೆರೆದು ಓದಿದೆ. ಇದ್ದರು. ಮೂಲದ ಕೈಬರಹದಲ್ಲಿ 1868 ಅಂತ ಸ್ಪಷ್ಟವಾಗಿತ್ತು, ಅಲ್ಲಿ ಟೈಪ್ ಮಾಡಿದವರು 1888 ಮಾಡಿಟ್ಟಿದ್ದರು. ಟೈಪ್ ಮಾಡಿದ್ದನ್ನು ನಂಬಿ ಹುಡುಕಾಟ ನಿಲ್ಲಿಸಬೇಡಿ, ಚಿತ್ರ ತೆರೆದು ನಿಮ್ಮ ಕಣ್ಣಿಂದಲೇ ನೋಡಿ.

1871ರ ಜನಗಣತಿಯಲ್ಲಿ ಎರಡು ವರ್ಷದ ಮಗು. 1921ರದ್ದರಲ್ಲಿ ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಕೇಳಿದ್ದರು, ಅದೂ 1868ಕ್ಕೇ ಹೊಂದುತ್ತದೆ. ಜನನ ನೋಂದಣಿಯ ಸೂಚಿಯಲ್ಲೂ ಅದೇ ವರ್ಷ. ಅಂದರೆ ಸೆಪ್ಟೆಂಬರ್‌ನಲ್ಲಿ ನಿಜ ಹೇಳಿದ ಮನುಷ್ಯ, ಮುಂದಿನ ಬೇಸಿಗೆಯಲ್ಲಿ ಫ್ರಾನ್ಸ್ ಬೀಳುತ್ತಿದ್ದಾಗ, ಠಾಣೆಯ ಮೇಜಿನ ಮುಂದೆ ನಿಂತು ಎಂಟು ವರ್ಷ ಕಳೆದು ಬರೆಸಿದ್ದರು. ಅವರಿಗೆ ಆಗ 72. ಫಾರಂನ ಹಿಂದಿನ ಸೇವೆಯ ಜಾಗದಲ್ಲಿ ಡರ್ಹಮ್ ಲೈಟ್ ಇನ್‌ಫೆಂಟ್ರಿ (ಈ ಊರಿನ ಕಾಲ್ದಳ ರೆಜಿಮೆಂಟ್), ದಕ್ಷಿಣ ಆಫ್ರಿಕಾ ಅಂತಿತ್ತು. ದಕ್ಷಿಣ ಆಫ್ರಿಕಾದಲ್ಲಿ 1899-1902ರಲ್ಲಿ ನಡೆದ ಬೋಯರ್ ಯುದ್ಧ ಮುಗಿಸಿ ಬಂದು, ಜೀವನವಿಡೀ ಗಣಿಯಲ್ಲಿ ದುಡಿದು, ಮತ್ತೆ ಬಂದು ಸಾಲಿನಲ್ಲಿ ನಿಂತಿದ್ದಾರೆ. ಆ ಸಂಜೆ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ನಾಲ್ಕು ವರ್ಷದಲ್ಲಿ ನನಗೆ ಅರ್ಥವಾಗಿದ್ದು ಇದು. ಫಾರಂನಲ್ಲಿರುವ ವಯಸ್ಸು ಅವರು ಹೇಳಿಕೊಂಡ ವಯಸ್ಸು. ಒಳಗೆ ಬರಬೇಕಾದಾಗ ಕಡಿಮೆ ಹೇಳುತ್ತಾರೆ, ಆಮೇಲೆ ಮನೆಯವರ ಬಾಯಲ್ಲಿ, ಪತ್ರಿಕೆಯಲ್ಲಿ ಅದು ಜಾಸ್ತಿಯಾಗುತ್ತದೆ. 63, 64 ಅಂತ ಕಂಡರೆ ನಾನೀಗ ಅಲ್ಲಿಗೇ ನಿಲ್ಲುವುದಿಲ್ಲ. 1913ರವರೆಗಿನ ಸೈನಿಕರ ಬಿಡುಗಡೆ ಕಾಗದಗಳಿರುವ ಡಬ್ಲ್ಯುಓ 97 ಸರಣಿಯನ್ನೂ ನೋಡುತ್ತೇನೆ. ಆದರೆ ಅಲ್ಲಿಯೂ ಹುಷಾರು, ಹುಡುಗರಾಗಿದ್ದಾಗ ವಯಸ್ಸು ಏರಿಸಿ ಹೇಳಿ ಸೇರಿದವರೂ ಇದ್ದರು.

ಕೆಲಸದಲ್ಲೇ ಸತ್ತ ಹೋಮ್ ಗಾರ್ಡ್‌ಗಳು 1,206 ಮಂದಿ. ಅವರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು, ಎಷ್ಟೋ ಕಡೆ ವಯಸ್ಸೂ ಇರುತ್ತದೆ. ಇನ್ನೊಂದು, ಮೂರು ವರ್ಷ ಸೇವೆ ಮಾಡಿದ ಹೋಮ್ ಗಾರ್ಡ್‌ಗೆ ಡಿಫೆನ್ಸ್ ಮೆಡಲ್ ಸಿಗುತ್ತಿತ್ತು, ಆದರೆ ಅರ್ಜಿ ಹಾಕಬೇಕಿತ್ತು. ಬಹಳ ಜನ ಹಾಕಲೇ ಇಲ್ಲ. ಮನೆಯಲ್ಲಿ ಪದಕ ಇಲ್ಲ ಅಂದಮಾತ್ರಕ್ಕೆ ಸೇವೆ ಮಾಡಿಲ್ಲ ಅಂದುಕೊಳ್ಳಬೇಡಿ.

ಡರ್ಹಮ್ ಬಿಟ್ಟು ಬೇರೆ ಕೌಂಟಿಯವರನ್ನು ಹುಡುಕುವವರು ಆ ಕಡತ ಕ್ಯಾಟಲಾಗ್‌ನಲ್ಲಿ ಇದೆಯಾ ಅಂತ ಮೊದಲು ನೋಡಿಕೊಂಡು ಆಮೇಲೆ ಬೇರೆ ಕಡೆ ದುಡ್ಡು ಹಾಕಿ. ಡರ್ಹಮ್‌ನವರಾದರೆ ಕಣ್ಣು ಮುಚ್ಚಿ ಇಲ್ಲಿಂದ ಶುರು ಮಾಡಿ. ನಾನು ಐದಕ್ಕೆ ಐದು ಕೊಡುತ್ತೇನೆ.

ಫಾರಂ ಪ್ರಿಂಟ್ ಮಾಡಿ ಅಜ್ಜಿಗೆ ಕೊಟ್ಟೆ. ವಯಸ್ಸಿನ ವಿಷಯ ವಿವರಿಸೋಕೆ ಹೊರಟರೆ ಅವರು ಕೇಳಿಸಿಕೊಳ್ಳಲೇ ಇಲ್ಲ. ಸಹಿಯ ಮೇಲೆ ಬೆರಳಿಟ್ಟು, ತಾತ ಓದು ಬರಹ ಬಲ್ಲವರಾಗಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ ಕಣಪ್ಪಾ ಅಂದರು.