273 ಗ್ರಾಂ ತೂಕದ ಮೂರು ಲೆನ್ಸ್‌ಗಳು: ಎಂಟು ವರ್ಷದ ಬಳಕೆಯ ನಂತರ

ನಾನು 2017ರಲ್ಲಿ ಒಲಿಂಪಸ್ ಇ-ಎಂ10 ಮಾರ್ಕ್ 2 ಕ್ಯಾಮೆರಾ ಕೊಂಡಿದ್ದಕ್ಕೆ ಇದ್ದ ಕಾರಣ ಒಂದೇ: ಅದಕ್ಕೆ ಮೊದಲು ನನ್ನಲ್ಲಿದ್ದ ಭಾರದ ಡಿಎಸ್‌ಎಲ್‌ಆರ್ ಕ್ಯಾಮೆರಾ ವರ್ಷದ ಬಹುಪಾಲು ದಿನ ಬೀರುವಿನಲ್ಲೇ ಉಳಿಯುತ್ತಿತ್ತು. ಹೊಸ ಕ್ಯಾಮೆರಾ ಬ್ಯಾಟರಿ, ಕಾರ್ಡ್ ಸೇರಿ 390 ಗ್ರಾಂ ತೂಗುತ್ತದೆ. ಎಂಟು ವರ್ಷಗಳಲ್ಲಿ ಅದಕ್ಕೆ ಹಲವು ಲೆನ್ಸ್‌ಗಳನ್ನು ಜೋಡಿಸಿ ನೋಡಿ, ಕೆಲವನ್ನು ಮಾರಿ, ಈಗ ಮೂರನ್ನು ಮಾತ್ರ ಇಟ್ಟುಕೊಂಡಿದ್ದೇನೆ: ಪ್ಯಾನಸಾನಿಕ್‌ನ 20 ಮಿ.ಮೀ. ಎಫ್ 1.7 (ಎರಡನೆಯ ಆವೃತ್ತಿ, 87 ಗ್ರಾಂ), ಒಲಿಂಪಸ್‌ನ 45 ಮಿ.ಮೀ. ಎಫ್ 1.8 (116 ಗ್ರಾಂ) ಮತ್ತು ಪ್ಯಾನಸಾನಿಕ್‌ನ 12-32 ಮಿ.ಮೀ. ಜೂಮ್ (70 ಗ್ರಾಂ). (ಮಿ.ಮೀ. ಅಂಕಿ ಚಿಕ್ಕದಾದಷ್ಟೂ ಕಾಣುವ ದೃಶ್ಯ ಅಗಲ, ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಬರುವ ತೂತು, ಅಂದರೆ ಅಪರ್ಚರ್, ದೊಡ್ಡದು.) ಮೂರೂ ಸೇರಿ 273 ಗ್ರಾಂ. ಕ್ಯಾಮೆರಾ ಸೇರಿಸಿದರೆ 663. ಫುಲ್ ಫ್ರೇಮ್ (36 × 24 ಮಿ.ಮೀ. ಸೆನ್ಸರ್‌ನ) ಕ್ಯಾಮೆರಾಗಳಿಗಾಗಿ ಕ್ಯಾನನ್ ಮಾಡಿದ 24-70 ಮಿ.ಮೀ. ಎಫ್ 2.8 ಲೆನ್ಸ್‌ನ ಎರಡನೆಯ ಆವೃತ್ತಿಯೊಂದೇ 805 ಗ್ರಾಂ ಇದೆ. ಈ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ ಎಂಬುದು ನನಗೂ ಗೊತ್ತು, ಆದರೆ ಹೆಗಲಿಗೆ ನ್ಯಾಯಶಾಸ್ತ್ರ ತಿಳಿಯುವುದಿಲ್ಲ.

ನನ್ನ ಕ್ಯಾಮೆರಾ ಸೇರಿರುವ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯನ್ನು ಒಲಿಂಪಸ್ ಮತ್ತು ಪ್ಯಾನಸಾನಿಕ್ ಒಟ್ಟಾಗಿ 2008ರಲ್ಲಿ ಪ್ರಕಟಿಸಿದವು. ಅದರ ಸೆನ್ಸರ್‌ನ ಅಳತೆ 17.3 × 13 ಮಿ.ಮೀ. ಹಾಗಾಗಿ 20 ಮಿ.ಮೀ. ಲೆನ್ಸ್‌ನಲ್ಲಿ ಕಾಣುವ ದೃಶ್ಯದ ಹರವು ಫುಲ್ ಫ್ರೇಮ್‌ನ 40 ಮಿ.ಮೀ.ಗೆ ಸಮ, 45 ಮಿ.ಮೀ. ಎಂದರೆ 90 ಮಿ.ಮೀ.ಗೆ ಸಮ. ಬೆಳಕಿನ ಲೆಕ್ಕದಲ್ಲಿ ಎಫ್ 1.8 ಎಫ್ 1.8 ಆಗಿಯೇ ಇರುತ್ತದೆ, ಆದರೆ ಹಿನ್ನೆಲೆ ಮಸುಕಾಗುವುದು ಫುಲ್ ಫ್ರೇಮ್‌ನ ಎಫ್ 3.6ರಷ್ಟು ಮಾತ್ರ. ಇದನ್ನು ಸರಿದೂಗಿಸಲು ಕೆಲವರು ಎಫ್ 1.2 ಲೆನ್ಸ್‌ಗಳತ್ತ ಹೋಗುತ್ತಾರೆ. ಒಲಿಂಪಸ್‌ನ 25 ಮಿ.ಮೀ. ಎಫ್ 1.2 ಅತ್ಯುತ್ತಮ ಲೆನ್ಸ್ ನಿಜ, ಆದರೆ ಅದರ ತೂಕ 410 ಗ್ರಾಂ, ಅಂದರೆ ನನ್ನ ಕ್ಯಾಮೆರಾಕ್ಕಿಂತ ಹೆಚ್ಚು. ಹಗುರವಾಗಲೆಂದು ಚಿಕ್ಕ ಕ್ಯಾಮೆರಾ ಕೊಂಡವನು ಅದಕ್ಕೆ ಅಂಥ ಲೆನ್ಸ್ ಹಾಕುವುದು ನನ್ನ ಮಟ್ಟಿಗೆ ಮೂಗಿಗಿಂತ ಮೂಗುತಿ ಭಾರ ಎಂಬಂತೆ.

ಈ ಲೆನ್ಸ್‌ಗಳಿಗೆ ಹೆಚ್ಚು ಕೆಲಸ ಕೊಟ್ಟಿರುವುದು ಯಕ್ಷಗಾನ. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಮೇಳಗಳ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕಲಾವಿದರು ಒಂದು ಕೈಯಲ್ಲಿ ಕನ್ನಡಿ ಹಿಡಿದು ತಾವೇ ಬಣ್ಣ ಬರೆದುಕೊಳ್ಳುವಾಗ, ಇಕ್ಕಟ್ಟಾದ ಜಾಗದಲ್ಲಿ, ಒಂದೆರಡು ಬಲ್ಬ್‌ಗಳ ಬೆಳಕಿನಲ್ಲಿ, ಯಾರಿಗೂ ಅಡ್ಡವಾಗದೆ ಚಿತ್ರ ತೆಗೆಯಬೇಕಾದರೆ 20 ಮಿ.ಮೀ. ಲೆನ್ಸ್‌ನಷ್ಟು ಅನುಕೂಲವಾದದ್ದನ್ನು ನಾನು ಕಂಡಿಲ್ಲ. ಅದರ ಉದ್ದ ಕೇವಲ 25.5 ಮಿ.ಮೀ., 20 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು, ಎಫ್ 1.7ರಲ್ಲೇ ಚಿತ್ರದ ನಡುಭಾಗ ಚೂಪಾಗಿರುತ್ತದೆ. ಫೋಕಸ್ ಮಾಡಲು ಒಳಗಿನ ಗಾಜುಗಳ ಇಡೀ ಗುಂಪು ಹಿಂದೆಮುಂದೆ ಸರಿಯಬೇಕಾದ್ದರಿಂದ ಅದು ನಿಧಾನ. ಕೂತು ಬಣ್ಣ ಹಚ್ಚಿಕೊಳ್ಳುವವರಿಗೆ ಈ ನಿಧಾನ ತೊಂದರೆಯಲ್ಲ. ಅಂಗಳದಲ್ಲಿ ಓಡುವ ಮಕ್ಕಳಿಗೆ ಇದನ್ನು ನಾನು ಬಳಸುವುದಿಲ್ಲ.

ರಂಗಸ್ಥಳಕ್ಕೆ ಬಂದ ವೇಷಗಳಿಗೆ 45 ಮಿ.ಮೀ. ಬೇಕು. ಪ್ರೇಕ್ಷಕರ ಮುಂದಿನ ಸಾಲಿನಿಂದ ಕೇದಗೆ ಮುಂದಲೆ ಎಂಬ ಶಿರೋಭೂಷಣದ ಅಂಚು, ಹಣೆಯ ಮೇಲಿನ ನಾಮದ ಗೆರೆ, ಬೆವರಿನಲ್ಲಿ ಕದಡಿದ ಬಣ್ಣ ಎಲ್ಲವನ್ನೂ ಅದು ಎಫ್ 2ರಲ್ಲೇ ಬಿಡಿಬಿಡಿಯಾಗಿ ತೋರಿಸುತ್ತದೆ. ಇಲ್ಲಿ ಹೊಸಬರು ಒಂದು ತಪ್ಪು ಎಣಿಕೆ ಮಾಡುತ್ತಾರೆ: ಕ್ಯಾಮೆರಾದೊಳಗೆ ಐದು ಅಕ್ಷಗಳ ಕಂಪನನಿರೋಧಕ ಇರುವಾಗ ಶಟರ್ ವೇಗವನ್ನು ಎಷ್ಟಾದರೂ ಇಳಿಸಬಹುದು ಎಂದು. ಆ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ, ಕುಣಿಯುವವರ ಚಲನೆಯನ್ನಲ್ಲ. ಸಾಧಾರಣ ಅಭಿನಯಕ್ಕೆ ಸೆಕೆಂಡಿನ 1/250 ಭಾಗ, ಧಿಗಿಣ (ಸುತ್ತುತ್ತ ಹಾರುವ ಕುಣಿತ) ಹಾರುವಾಗ 1/500 ಭಾಗವಾದರೂ ನನಗೆ ಬೇಕಾಗುತ್ತದೆ. ಅದಕ್ಕಾಗಿ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸಂವೇದನೆ) 3200ರವರೆಗೆ ಏರಿಸಿದರೆ ಸ್ವಲ್ಪ ಕಾಳುಕಾಳಾಗಿ ಕಾಣುವುದನ್ನು ಒಪ್ಪಿಕೊಳ್ಳುತ್ತೇನೆ. ಕಾಳುಕಾಳಾದ ಮುಖ ಮುಖವೇ, ಕದಲಿದ ಮುಖ ಯಾರದೂ ಅಲ್ಲ.

ಚೂಪಿನ ಬಗ್ಗೆ ನಾನು ಮಾಡಿಕೊಂಡ ದೊಡ್ಡ ತಪ್ಪೊಂದನ್ನು ಹೇಳಬೇಕು. ಮೊದಲ ವರ್ಷ 45 ಮಿ.ಮೀ. ಲೆನ್ಸ್‌ನಲ್ಲಿ ತೆಗೆದ ಕೆಲವು ಚಿತ್ರಗಳಲ್ಲಿ ಅಂಚುಗಳು ಜೋಡಿಗೆರೆಯಂತೆ ಕಾಣುತ್ತಿದ್ದವು, ನಾನು ಲೆನ್ಸನ್ನೇ ದೂರಿ ಮಾರಲು ಹೊರಟಿದ್ದೆ. ಆಮೇಲೆ ತಿಳಿದದ್ದೆಂದರೆ, ಹಗುರವಾದ ಕ್ಯಾಮೆರಾ ಮತ್ತು ಲೆನ್ಸ್ ಜೋಡಿಯಲ್ಲಿ ಯಾಂತ್ರಿಕ ಶಟರ್ ಬಡಿಯುವ ಅದಿರಾಟವೇ ಕೆಲವು ವೇಗಗಳಲ್ಲಿ ಚಿತ್ರವನ್ನು ಕೆಡಿಸಬಲ್ಲದು. ಶಟರ್‌ನ ಮೊದಲ ಪರದೆಯನ್ನು ಎಲೆಕ್ಟ್ರಾನಿಕ್ ಆಗಿ ತೆರೆಯುವ ಆಯ್ಕೆ ನನ್ನ ಕ್ಯಾಮೆರಾದಲ್ಲೇ ಇತ್ತು. ಪುಟ್ಟ ವಜ್ರಾಕೃತಿಯ ಗುರುತಿರುವ ಆ ಆಯ್ಕೆಯನ್ನು ಒತ್ತಿದ ದಿನದಿಂದ ಜೋಡಿಗೆರೆ ಕಾಣಿಸಿಲ್ಲ. ಲೆನ್ಸ್ ಬದಲಿಸುವ ಮೊದಲು ಮೆನು ನೋಡಿ.

ಇನ್ನೊಂದು, ಅಪರ್ಚರನ್ನು ಕಿರಿದಾಗಿಸಿದಷ್ಟೂ ಚಿತ್ರ ಚೂಪಾಗುತ್ತದೆ ಎಂಬ ಹಳೆಯ ಅಭ್ಯಾಸವನ್ನು ಇಲ್ಲಿ ಬಿಡಬೇಕಾಯಿತು. 17.3 ಮಿ.ಮೀ. ಅಗಲದಲ್ಲಿ 4608 ಪಿಕ್ಸೆಲ್‌ಗಳು ಕೂತಿರುವುದರಿಂದ, ಕಿರಿದಾದ ತೂತಿನಲ್ಲಿ ಬೆಳಕು ಚದುರುವ ಪರಿಣಾಮ ಬೇಗನೆ ಕಣ್ಣಿಗೆ ಬೀಳುತ್ತದೆ. ನನ್ನ ಮೂರೂ ಲೆನ್ಸ್‌ಗಳು ಎಫ್ 4ರಿಂದ 5.6ರ ನಡುವೆ ತಮ್ಮ ಅತ್ಯುತ್ತಮವನ್ನು ಕೊಡುತ್ತವೆ. ಎಫ್ 11ರಲ್ಲಿ ಎಲ್ಲವೂ ಒಂದೇ ರೀತಿ ಮೆತ್ತಗಾಗುತ್ತವೆ. ಹಂಪಿಯಲ್ಲಿ ಬಂಡೆಗಳ ರಾಶಿಯನ್ನು 12-32ರಲ್ಲಿ ಎಫ್ 5.6ಕ್ಕೇ ಇಟ್ಟು ತೆಗೆಯುತ್ತೇನೆ, ಮುಂದಿನ ಬಂಡೆಯಿಂದ ಹಿಂದಿನ ಗುಡ್ಡದವರೆಗೆ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಈ ಜೂಮ್‌ಗೆ ಕೈಯಿಂದ ಫೋಕಸ್ ತಿರುಗಿಸುವ ಬಳೆ ಇಲ್ಲ, ಬಳಸುವ ಮೊದಲು ತಿರುಗಿಸಿ ಹೊರಕ್ಕೆ ಎಳೆಯಬೇಕು. ಹಗಲಿನ ತಿರುಗಾಟಕ್ಕೆ ಇವೆರಡೂ ನನಗೆ ಕೊರತೆಯೆನಿಸಿಲ್ಲ. ಇದರ ಮತ್ತು 45ರ ಫಿಲ್ಟರ್ ಅಳತೆ ಒಂದೇ, 37 ಮಿ.ಮೀ. 45ರ ಹುಡ್ಡನ್ನು (ಅಡ್ಡ ಬೆಳಕು ತಡೆಯುವ ಮುಂಬಳೆ) ಮಾತ್ರ ಬೇರೆಯಾಗಿ ಕೊಳ್ಳಬೇಕು.

ಹಳೆಯ ಲೆನ್ಸ್ ಕೊಳ್ಳುವವರಿಗೆ ಒಂದು ಮಾತು. ಒಂದು ಅಂಗಡಿಯಲ್ಲಿ ಅವಸರದಿಂದ ಕೊಂಡ ಲೆನ್ಸ್‌ನೊಳಗೆ ಜೇಡರಬಲೆಯಂಥ ಬೂಷ್ಟಿನ ಎಳೆಗಳಿದ್ದವು, ಮನೆಗೆ ಬಂದ ಮೇಲೆ ಕಂಡೆ. ಈಗ ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ನೋಡದೆ ದುಡ್ಡು ಕೊಡುವುದಿಲ್ಲ. ಇನ್ನೊಂದು ಪರೀಕ್ಷೆಗೆ ಬೇಕಾಗುವುದು ಕನ್ನಡ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟ. ಅದನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ನೇರವಾಗಿ ನಿಲ್ಲಿಸಿ, ದೊಡ್ಡ ಅಪರ್ಚರ್‌ನಲ್ಲಿ ತೆಗೆದು, ನಾಲ್ಕೂ ಮೂಲೆಗಳ ಒತ್ತಕ್ಷರಗಳನ್ನು ಹಿಗ್ಗಿಸಿ ಓದಿ. ನಾಲ್ಕೂ ಸ್ವಲ್ಪ ಮಸುಕಾಗಿದ್ದರೆ ಅದು ಲೆನ್ಸ್‌ನ ಸ್ವಭಾವ. ಎಡಬದಿಯ ಒತ್ತು ಓದಲು ಬಂದು ಬಲಬದಿಯದು ಕಲಸಿಹೋಗಿದ್ದರೆ, ಕ್ಯಾಮೆರಾ ಓರೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಲೆನ್ಸ್ ವಾಪಸು ಕೊಡಿ.

ಇವುಗಳಲ್ಲಿ ಯಾವುದಕ್ಕೂ ಮಳೆಯಿಂದ ರಕ್ಷಣೆ ಇಲ್ಲ. ಆಗುಂಬೆಯ ಕಡೆ ಹೋಗುವ ತಿಂಗಳುಗಳಲ್ಲಿ ಮೂರನ್ನೂ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜೂಮ್ ಒಂದನ್ನೇ ಕೊಡೆಯ ಕೆಳಗೆ ಹೊರತೆಗೆಯುತ್ತೇನೆ. ಕಪ್ಪೆಗಳಿಗಾಗಿ ಒಲಿಂಪಸ್‌ನ 60 ಮಿ.ಮೀ. ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಕೊಳ್ಳುವ ಯೋಚನೆ ಎರಡು ಮಳೆಗಾಲದಿಂದ ಇದೆ. ಅದಕ್ಕೆ ತುಂತುರು ತಡೆಯುವ ರಕ್ಷಣೆಯಿದೆ, ತೂಕ 185 ಗ್ರಾಂ. ನನ್ನ ಕ್ಯಾಮೆರಾಕ್ಕೇ ಆ ರಕ್ಷಣೆ ಇಲ್ಲದಿರುವುದರಿಂದ ಇನ್ನೂ ತಡೆದಿದ್ದೇನೆ.