ಅಂಡಮಾನಿನಲ್ಲಿ ಒಂದೇ ದಿನ ಕೈಲಿದ್ದರೆ: ನನ್ನ ಓಟು ನೀಲ್ ದ್ವೀಪಕ್ಕೆ

ಪೋರ್ಟ್ ಬ್ಲೇರ್‌ನಲ್ಲಿ ನಿಮಗೆ ಒಂದೇ ಒಂದು ದಿನ ಇದೆ ಅಂದರೆ ನೀಲ್ ದ್ವೀಪಕ್ಕೆ ಹೋಗಿ. ಹೋಗುವ ಮುಂಚೆ ಅವತ್ತು ಸಮುದ್ರದ ಇಳಿತ ಎಷ್ಟು ಗಂಟೆಗೆ ಅಂತ ನೋಡಿಕೊಳ್ಳಿ. ಈ ಎರಡನೇ ಮಾತು ಮೊದಲ ಸಲ ನಮಗೆ ಯಾರೂ ಹೇಳಲಿಲ್ಲ. ನಾಲ್ಕು ಜನರ ಹಡಗಿನ ದುಡ್ಡು ದಂಡವಾಯಿತು. ನೋಡಬೇಕು ಅಂತ ಹೋಗಿದ್ದನ್ನೇ ನೋಡದೆ ವಾಪಸ್ ಬಂದೆವು.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಸೇವಂತಿಗೆ, ಬೀನ್ಸ್ ಬೆಳೆಯುವ ಮನೆ. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಬೆಂಗಳೂರಿನವರಿಗಿಂತ ಹತ್ತಿರ. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ಸುಮಾರು ಎರಡೂವರೆ ಗಂಟೆ. ಮೊದಲ ಸಲ ಒಂದು ಡಿಸೆಂಬರ್ ರಜೆಯಲ್ಲಿ ನಾನು, ನಮ್ಮನೆಯವರು, ಮಗ, ನಮ್ಮ ಅಮ್ಮ ಹೋಗಿದ್ದೆವು. ಎರಡನೇ ಸಲ ಫೆಬ್ರವರಿಯಲ್ಲಿ ಮೂರೇ ಜನ, ಮಗ ಹಾಸ್ಟೆಲ್‌ನಲ್ಲಿದ್ದ. ಎರಡೂ ಸಲ ಚೀಟಿ ಎತ್ತಿದ ದುಡ್ಡು. ಹಾಗಾಗಿ ಪ್ರತಿ ದಿನಕ್ಕೂ ಲೆಕ್ಕ ಇಟ್ಟಿದ್ದೆ.

ಒಂದು ದಿನಕ್ಕೆ ಎಲ್ಲರೂ ಹೇಳುವ ದಾರಿ ಮೂರು. ನಾರ್ತ್ ಬೇ ದಂಡೆ, ರಾಸ್ ದ್ವೀಪ ಎರಡನ್ನೂ ಸೇರಿಸಿದ ಬೋಟಿನ ಪ್ಯಾಕೇಜ್. ಬೆಳಿಗ್ಗೆ ಹೋಗಿ ಸಂಜೆ ಬರುವ ಹ್ಯಾವ್‌ಲಾಕ್ ದ್ವೀಪ. ಅದೇ ಥರ ಹೋಗಿ ಬರುವ ನೀಲ್. ಮೂರನ್ನೂ ಮಾಡಿ ನೋಡಿದ್ದೇನೆ.

ಪ್ಯಾಕೇಜಿನಲ್ಲಿ ದುಡ್ಡು ಕಡಿಮೆ, ಜಾಗ ಎರಡು. ಹೇಳೋಕೆ ಚೆನ್ನಾಗಿದೆ. ಆದರೆ ನಿಮ್ಮ ದಿನ ನಿಮ್ಮ ಕೈಲಿರುವುದಿಲ್ಲ. ಬಂದ ಬೋಟಿನಲ್ಲೇ ವಾಪಸ್ ಹೋಗಬೇಕು. ನಾರ್ತ್ ಬೇಯಲ್ಲಿ ಇಳಿದ ಕೂಡಲೇ ನಮ್ಮ ಬೋಟಿನ ಅರ್ಧ ಜನ ನೀರೊಳಗೆ ನಡೆಯೋದು, ಸ್ಕೂಬಾ ಅಂತ ಚೀಟಿ ಬರೆಸಿದರು. ಅವರ ಸರದಿ ಮುಗಿಯುವವರೆಗೂ ಉಳಿದವರೆಲ್ಲ ಕಾಯಬೇಕಾಯಿತು. ಅಮ್ಮ ಶೆಡ್ಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ಗಂಟೆಗೂ ಜಾಸ್ತಿ ಕೂತಿದ್ದರು. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದೆ ತೆಂಗಿನ ಮರಗಳ ಸಮುದ್ರ ದಂಡೆ ಇದೆಯಲ್ಲ, ಅದು ಇದೇ ನಾರ್ತ್ ಬೇ. ಆ ನೋಟ ಸಿಗುವುದು ದೂರದ ಎತ್ತರದ ಜಾಗದಿಂದ, ದಂಡೆಯಲ್ಲಿ ನಿಂತರೆ ಅಲ್ಲ.

ಅಲ್ಲಿ ಹೋದ ಹೊತ್ತು ರಾಸ್‌ನಲ್ಲಿ ಕಡಿತವಾಯಿತು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ಬ್ರಿಟಿಷರು 1858ರಿಂದ ಎಂಬತ್ತು ವರ್ಷಕ್ಕೂ ಜಾಸ್ತಿ ಇಡೀ ಅಂಡಮಾನನ್ನು ಆಳಿದ್ದು ಈ ಪುಟ್ಟ ದ್ವೀಪದಲ್ಲಿ ಕೂತು. 1941ರಲ್ಲಿ ಭೂಕಂಪ ಆಯಿತು, 1942ರಲ್ಲಿ ಜಪಾನಿನ ಸೈನ್ಯ ಬಂತು. ಆಮೇಲೆ ಊರನ್ನು ಮರಗಳು ತೆಗೆದುಕೊಂಡವು. ಚರ್ಚಿನ ಗೋಡೆಯ ಮೇಲೆ ತೊಡೆ ಗಾತ್ರದ ಬೇರು ಇಳಿದಿದೆ. ಕಿಟಕಿಯ ಚೌಕಟ್ಟನ್ನು ಸುತ್ತಿಕೊಂಡು, ಇಟ್ಟಿಗೆ ಸಂದಿಗೆ ಬೆರಳು ತೂರಿಸಿದ ಹಾಗೆ ಒಳಗೆ ಹೋಗಿದೆ. ಗೋಡೆಯನ್ನು ಬೀಳಿಸುತ್ತಿರುವುದೂ ಅದೇ, ಬೀಳದ ಹಾಗೆ ಹಿಡಿದಿರುವುದೂ ಅದೇ. ಅದರ ಮುಂದೆ ನಿಲ್ಲೋಕೆ ನಮಗೆ ಸಿಕ್ಕಿದ್ದು ಐದು ನಿಮಿಷ. ನಿಮಗೆ ಅರ್ಧ ದಿನ ಮಾತ್ರ ಇದ್ದರೆ ರಾಸ್ ಒಂದಕ್ಕೇ ಟಿಕೆಟ್ ತೆಗೆಸಿ, ಸಂಜೆ ಸೆಲ್ಯುಲಾರ್ ಜೈಲಿಗೆ ಹೋಗಿ. ನಾರ್ತ್ ಬೇ ಬಿಟ್ಟುಬಿಡಿ.

ಹ್ಯಾವ್‌ಲಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಧಾನಗರ ಬೀಚ್‌ನಷ್ಟು ಚೆಂದದ ಮರಳು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಅದರ ಸೊಗಸು ಸೂರ್ಯ ಮುಳುಗುವಾಗ. ಅಷ್ಟು ಹೊತ್ತಿಗೆ ನಮ್ಮ ಹಡಗು ಹೊರಟಾಗಿತ್ತು. ಅಲ್ಲಿ ಒಂದು ರಾತ್ರಿ ಉಳಿಯೋಕೆ ಆಗುತ್ತದೆ ಅಂದರೆ ಮಾತ್ರ ಹೋಗಿ.

ಹೊತ್ತಿನ ಬಗ್ಗೆ ಇನ್ನೊಂದು ಮಾತು. ಅಂಡಮಾನ್ ನಮ್ಮ ಚಿಕ್ಕಬಳ್ಳಾಪುರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಒಂದೇ, ಸೂರ್ಯ ಮಾತ್ರ ಹತ್ತಿರ ಹತ್ತಿರ ಒಂದು ಗಂಟೆ ಮುಂಚೆ. ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಬೆಳಿಗ್ಗೆ ಒಂಬತ್ತಕ್ಕೆ ನಿಧಾನವಾಗಿ ಹೊರಡುವವರಿಗೆ ಅಲ್ಲಿ ಅರ್ಧ ದಿನವೇ ಸಿಗುವುದು. ನಮಗೆ ಇದು ಕಷ್ಟ ಆಗಲಿಲ್ಲ, ಹೂ ಬಿಡಿಸಿ ಮಾರ್ಕೆಟ್ಟಿಗೆ ಕಳಿಸುವ ಮನೆಯಲ್ಲಿ ನಾಲ್ಕೂವರೆಗೇ ದೀಪ ಉರಿಯುತ್ತದೆ.

ಈಗ ನೀಲ್. ಟಿಕೆಟ್ಟಿನಲ್ಲಿ ಶಹೀದ್ ದ್ವೀಪ ಅಂತ ಇರುತ್ತದೆ, 2018ರಲ್ಲಿ ಹೆಸರು ಬದಲಾಗಿದೆ. ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೆಸರಾಯಿತು, ಆದರೆ ಆಟೋದವರ ಬಾಯಲ್ಲಿ ಇನ್ನೂ ಹಳೆಯದೇ. ನೀಲ್‌ನಲ್ಲಿ ಎಲ್ಲರೂ ನೋಡುವುದು ಲಕ್ಷ್ಮಣಪುರದ ಹತ್ತಿರದ ಕಲ್ಲಿನ ಸೇತುವೆ. ಅಲೆ ಹೊಡೆದು ಹೊಡೆದು ಬಂಡೆಯ ನಡು ಕೊರೆದು ಹೋಗಿ ಕಮಾನಿನ ಹಾಗೆ ನಿಂತಿದೆ. ಅದರ ಕೆಳಗೆ ನಡೆದು ಹೋಗಬಹುದು, ನೀರು ಇಳಿದಿದ್ದರೆ.

ಮೊದಲ ಸಲ ನಾವು ಹುಣ್ಣಿಮೆ ದಿನ ಹೋದೆವು. ಸಮುದ್ರ ಚೆನ್ನಾಗಿರುತ್ತದೆ ಅಂತ ನಾನೇ ಆ ದಿನ ಆರಿಸಿದ್ದೆ. ಜೆಟ್ಟಿಯಲ್ಲಿ ಇಳಿದು, ಆಟೋ ಹಿಡಿದು, ಸುಮಾರು ಹತ್ತು ಗಂಟೆಗೆ ಸೇತುವೆ ಇರುವ ದಂಡೆಗೆ ಬಂದೆವು. ದಾರಿಯೇ ಇಲ್ಲ. ನಡೆಯಬೇಕಾದ ಬಂಡೆಗಳ ಮೇಲೆ ನೀರು. ಅಲೆ ಬಂದು ಗಿಡಗಳ ಬುಡಕ್ಕೆ ಬಡಿಯುತ್ತಿತ್ತು. ದೂರದಲ್ಲಿ ಕಮಾನಿನ ತಲೆ ಕಾಣುತ್ತಿತ್ತು ಅಷ್ಟೇ. ಅಲ್ಲಿದ್ದ ಗೈಡ್ ಹುಡುಗ ಮೂರೂವರೆ, ನಾಲ್ಕಕ್ಕೆ ಬನ್ನಿ ಅಂದ. ನಮ್ಮ ಹಡಗು ಮುಕ್ಕಾಲು ಮೂರಕ್ಕೇ ಜೆಟ್ಟಿಗೆ ಬರಬೇಕು ಅಂತ ಹೇಳಿತ್ತು. ಹಡಗಿನ ಟಿಕೆಟ್ ಮಾಡಿಸಿ ಕೊಟ್ಟವರಿಗೂ ಅವತ್ತು ಹುಣ್ಣಿಮೆ ಅಂತ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು ಅಲ್ವಾ? ಅಮ್ಮ ಮೆಟ್ಟಿಲ ಮೇಲೆ ಕೂತು, "ಬಿಡೇ, ಇಷ್ಟು ನೀರು ನೋಡಿದ್ದೇ ಸಾಕು" ಅಂದರು. ನನಗೆ ಸಾಕಾಗಿರಲಿಲ್ಲ.

ಊರಿಗೆ ಬಂದ ಮೇಲೆ ಇದನ್ನು ಕೂತು ಅರ್ಥ ಮಾಡಿಕೊಂಡೆ. ವರ್ಷವಿಡೀ ಹರಿಯುವ ನದಿಯೂ ಇಲ್ಲದ ಬಯಲುಸೀಮೆಯವರು ನಾವು. ನೀರು ಒಂದು ಗಂಟೆಗೆ ಇಲ್ಲಿ, ಇನ್ನೊಂದು ಗಂಟೆಗೆ ಅಲ್ಲಿ ಅನ್ನುವುದು ನಮ್ಮ ತಲೆಗೆ ಬರುವ ವಿಷಯವೇ ಅಲ್ಲ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನಲ್ಲ, ಅದರ ಜೊತೆಗೆ ಇದೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಪೋರ್ಟ್ ಬ್ಲೇರ್ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಬೆಳಿಗ್ಗೆ ಒಂಬತ್ತೂವರೆ, ಹತ್ತರ ಸುಮಾರಿಗೆ ಉಬ್ಬರ. ಇಳಿತ ಮಧ್ಯಾಹ್ನ ಮೂರೂವರೆಯ ಮೇಲೆ. ಅಂದರೆ ಹುಣ್ಣಿಮೆ ದಿನ ನೀರು ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ ನಿಜ, ಆದರೆ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಅದು ಸಿಗುವುದಿಲ್ಲ. ಭಾರತ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರ ಇಳಿತದ ಪಟ್ಟಿ ಹೊರಡಿಸುತ್ತದೆ, ಅದರಲ್ಲಿ ಪೋರ್ಟ್ ಬ್ಲೇರ್ ಕೂಡ ಇದೆ. ಫೋನಿನಲ್ಲೂ ಸಿಗುತ್ತದೆ.

ನನಗೆ ಖುಷಿ ಆಗಿದ್ದು ಬೇರೆ ವಿಷಯಕ್ಕೆ. ಈ ಲೆಕ್ಕ ನಮ್ಮ ಮನೆ ಗೋಡೆಯ ಕ್ಯಾಲೆಂಡರ್‌ನಲ್ಲೇ ಇದೆ! ತಿಥಿ ಗೊತ್ತಾದರೆ ಇಳಿತ ಸುಮಾರಾಗಿ ಗೊತ್ತಾಗುತ್ತದೆ. ಹುಣ್ಣಿಮೆಗೆ ಮೂರು ದಿನ ಮುಂಚೆ, ಅಂದರೆ ದ್ವಾದಶಿಗೆ, ಇಳಿತ ಮಧ್ಯಾಹ್ನ ಒಂದರ ಮೇಲೆ ಬೀಳುತ್ತದೆ. ತ್ರಯೋದಶಿಗೆ ಎರಡರ ಸುಮಾರಿಗೆ. ಕೃಷ್ಣ ಪಕ್ಷದಲ್ಲೂ ಇದೇ. ಗಂಟೆ ನಿಖರವಾಗಿ ಬೇಕು ಅಂದರೆ ಪಟ್ಟಿ ನೋಡಲೇಬೇಕು, ದಿನ ಆರಿಸೋಕೆ ಕ್ಯಾಲೆಂಡರ್ ಸಾಕು.

ಎರಡನೇ ಸಲ ಹಾಗೇ ಮಾಡಿದೆವು. ಅಮ್ಮ ಏಕಾದಶಿ ಮಾಡುತ್ತಾರೆ. ಅವತ್ತು ರೂಮಿನಲ್ಲೇ ಉಳಿದೆವು. ದ್ವಾದಶಿ ಬೆಳಿಗ್ಗೆ ಊರಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿಯಲ್ಲಿ ಅವರ ಪಾರಣೆ ಆಯಿತು, ಹಡಗು ಹತ್ತಿದೆವು. ಅಮ್ಮನಿಗೆ ಆಟೋ ದಿನಕ್ಕೆ ಮಾತಾಡಿದೆವು. ದ್ವೀಪದ ಆ ತುದಿಯಿಂದ ಈ ತುದಿಗೆ ಐದಾರು ಕಿಲೋಮೀಟರ್ ಅಷ್ಟೇ. ಗಡಿಬಿಡಿ ಇಲ್ಲ. ಮೊದಲು ಭರತಪುರದ ದಂಡೆ, ಆಮೇಲೆ ಊಟ, ಹನ್ನೆರಡೂವರೆಗೆ ಸೇತುವೆ.

ಅದೇ ಮೆಟ್ಟಿಲು. ಹೋದ ಸಲ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಬಂಡೆ ಒಣಗಿತ್ತು. ನಾವು ನೋಡುತ್ತಿದ್ದ ಹಾಗೇ ನೀರು ಇನ್ನೂ ಹಿಂದಕ್ಕೆ ಹೋಗುತ್ತಿತ್ತು. ಅಮ್ಮ ನಿಂತು ನೋಡಿದರು. "ನಮ್ಮ ಕಂದವಾರ ಕೆರೆ ನೀರು ಹೋಗಬೇಕು ಅಂದರೆ ಬೇಸಿಗೆ ಬರಬೇಕು. ಇಲ್ಲಿ ಊಟ ಮಾಡಿ ಬರೋಷ್ಟರಲ್ಲಿ ಹೋಯ್ತಲ್ಲೇ" ಅಂದರು.

ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಒಂದೊಂದು ಗುಳಿ ನಮ್ಮ ಮನೆಯ ಒರಳಿನಷ್ಟು. ಒಂದರಲ್ಲಿ ಬೆರಳುದ್ದದ ಮೀನುಗಳು. ಇನ್ನೊಂದರಲ್ಲಿ ಕಪ್ಪಗೆ, ಮೆತ್ತಗೆ, ಸೌತೆಕಾಯಿ ಥರ ಬಿದ್ದುಕೊಂಡಿರುವ ಜೀವ. ಮೂರನೆಯದರಲ್ಲಿ ಬಂಡೆಯೊಳಗೇ ಹುದುಗಿದ ಒಂದು ಚಿಪ್ಪು, ಬಾಯಿ ತೆರೆದು ಕೂತಿತ್ತು. ಅದರ ಅಂಚು ಕಡು ನೀಲಿ, ನವಿಲಿನ ಕತ್ತಿನ ಬಣ್ಣ, ಮೇಲೆ ಸಣ್ಣ ಸಣ್ಣ ಚುಕ್ಕಿ. ನಮ್ಮನೆಯವರು ಬಗ್ಗಿದರು. ಅವರ ನೆರಳು ಬಿದ್ದ ಕೂಡಲೇ ಚಿಪ್ಪು ಮುಚ್ಚಿಕೊಂಡಿತು. ಸರಿದು ನಿಂತೆವು. ಸ್ವಲ್ಪ ಹೊತ್ತಿಗೆ ನಿಧಾನವಾಗಿ ಬಿಚ್ಚಿತು. ಹತ್ತು ನಿಮಿಷ ಅಲ್ಲೇ ಕೂತಿದ್ದೆವು. ಯಾರೂ ಕರೆಯಲಿಲ್ಲ, ಯಾರ ಬೋಟೂ ಕಾಯುತ್ತಿರಲಿಲ್ಲ.

ಹಿಡಿತ ಇರುವ ಚಪ್ಪಲಿ ಬೇಕೇ ಬೇಕು, ಸತ್ತ ಹವಳ ಕಾಲು ಕೊಯ್ಯುತ್ತದೆ. ಹವಳದ ಚೂರು ಸುಮ್ನೆ ಬಿದ್ದಿದೆ ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ.

ನೀಲ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಇದೆ. ಅದು ತರಕಾರಿ ಬೆಳೆಯುವ ದ್ವೀಪ, ಪೋರ್ಟ್ ಬ್ಲೇರ್‌ಗೆ ತರಕಾರಿ ಹೋಗುವುದು ಅಲ್ಲಿಂದ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರುಗಳು. ಹೆಸರುಗಳು ಸೀತಾಪುರ, ರಾಮನಗರ, ಭರತಪುರ, ಲಕ್ಷ್ಮಣಪುರ. ಸೀತಾಪುರದ ದಾರಿಯಲ್ಲಿ ಅಮ್ಮ ಆಟೋ ನಿಲ್ಲಿಸಿ ಒಂದು ಚಪ್ಪರದ ಹತ್ತಿರ ಹೋದರು. ತೋಟದಾಕೆಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಬಂಗಾಳಿ ಬರುವುದಿಲ್ಲ. ಇಬ್ಬರೂ ಎಲೆ ತಿರುಗಿಸಿ ಹುಳ ತೋರಿಸಿಕೊಂಡು ಕಾಲು ಗಂಟೆ ಮಾತಾಡಿದರು. ನಿಮಗೆ ತೋಟ ನೋಡುವ ಹುಚ್ಚು ಇಲ್ಲದಿದ್ದರೆ ಈ ಕಾರಣ ಬಿಟ್ಟುಬಿಡಿ.

ದುಡ್ಡಿನಲ್ಲಿ ನೀಲ್ ಸೋಲುತ್ತದೆ. ಖಾಸಗಿ ಹಡಗಿನಲ್ಲಿ ಹೋಗಿ ಬರೋಕೆ ನಮಗೆ ಒಬ್ಬರಿಗೆ ಸುಮಾರು 2,500 ರೂಪಾಯಿ ಆಯಿತು, ಆಟೋ ಬೇರೆ. ಪ್ಯಾಕೇಜಿಗೆ ಒಬ್ಬರಿಗೆ ಸಾವಿರದೊಳಗೆ ಮುಗಿದಿತ್ತು. ಸರ್ಕಾರಿ ಹಡಗು ಅಗ್ಗ, ಆದರೆ ಸೀಟು ಸಿಗುವುದು ಕಷ್ಟ. ನಾವು ಹ್ಯಾವ್‌ಲಾಕ್‌ಗೆ ಸುಮ್ನೆ ಖರ್ಚು ಮಾಡಿದ್ದನ್ನು ನೆನೆದರೆ ನೀಲ್ ನನಗೆ ದುಬಾರಿ ಅನ್ನಿಸುವುದಿಲ್ಲ. ಟಿಕೆಟ್ ತೆಗೆಯುವಾಗ ಅದೇ ದಿನ ವಾಪಸ್ ಬರುವ ಹಡಗು ಇದೆಯಾ ಅಂತ ಮೊದಲು ನೋಡಿ, ಆಮೇಲೆ ಹೋಗುವುದನ್ನು ಬುಕ್ ಮಾಡಿ. ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ಹಡಗೇ ನಿಲ್ಲುತ್ತದೆ, ಆಗ ರಾಸ್ ಸಾಕು.

ಈ ವರ್ಷ ನನ್ನ ನಾದಿನಿ ಮನೆಯವರು ಹೊರಟಿದ್ದಾರೆ. ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಅಮ್ಮನಿಗೆ ಫೋನ್ ಮಾಡಿದ್ದರು. ಅಮ್ಮ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಎಣಿಸಿ ಹೇಳಿದರು: "ದ್ವಾದಶಿ ಶನಿವಾರ ಬಿದ್ದಿದೆ ಕಣಮ್ಮ. ಶುಕ್ರವಾರವೇ ಅಲ್ಲಿ ಇಳಿದುಬಿಡಿ."