ಬೈಪಾಸ್ ಆದ ಮೇಲೆ ವಾಕಿಂಗೋ, ಟ್ರೆಡ್‌ಮಿಲ್ಲೋ, ಸೈಕಲ್ಲೋ?

ಬೈಪಾಸೋ ಸ್ಟೆಂಟೋ ಆಗಿ ರೋಗಿ ಮನೆಗೆ ಬಂದ ವಾರದೊಳಗೆ ಮಕ್ಕಳು ಕೇಳಲು ಶುರು ಮಾಡುತ್ತಾರೆ: ಅಪ್ಪನಿಗೆ ಟ್ರೆಡ್‌ಮಿಲ್ ತರಿಸೋಣವೇ, ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ ಸಾಕೇ? ಮೂರನ್ನೂ ಮಾಡಿಸಿ ನೋಡಿರುವ ಫಿಸಿಯೋಥೆರಪಿಸ್ಟುಗಳಾಗಿ ನಾವು ಹೇಳುವುದಿಷ್ಟು. ಡಾಕ್ಟರು ವ್ಯಾಯಾಮಕ್ಕೆ ಒಪ್ಪಿದ ಮೇಲೆ ಮೊದಲ ಎರಡು ತಿಂಗಳು ಸಮತಟ್ಟಾದ ನೆಲದ ನಡಿಗೆ. ಮಂಡಿನೋವೋ ಬಿಸಿಲೋ ನಡೆಯಲು ಬಿಡದಿದ್ದರೆ ಸೈಕಲ್. ಟ್ರೆಡ್‌ಮಿಲ್ಲಿನ ಸರದಿ ಕೊನೆಗೆ.

ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ‘ಮೆಟ್’ ಎಂಬ ಅಳತೆ ಬೇಕು. ಸುಮ್ಮನೆ ಕುಳಿತಾಗ ದೇಹ ಬಳಸುವ ಆಮ್ಲಜನಕ 1 ಮೆಟ್. ಗಂಟೆಗೆ 4 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ ನಡೆದರೆ ಸುಮಾರು 2.9 ಮೆಟ್. ಅದೇ ವೇಗದಲ್ಲಿ ಟ್ರೆಡ್‌ಮಿಲ್ಲಿಗೆ ಶೇ 5ರಷ್ಟು ಏರು ಕೊಟ್ಟರೆ 4.6. 60 ಕೆ.ಜಿ. ತೂಕದವರು ಸೈಕಲ್ಲಿನಲ್ಲಿ 50 ವ್ಯಾಟ್ ತುಳಿದರೂ ಲೆಕ್ಕ ಅಷ್ಟೇ, 4.6. ಆದರೆ 80 ಕೆ.ಜಿ. ತೂಕದವರಿಗೆ ಅದೇ 50 ವ್ಯಾಟ್ ಸುಮಾರು 3.9 ಮಾತ್ರ. ನಡಿಗೆಯಲ್ಲಿ ಅವರವರ ಭಾರವನ್ನು ಅವರವರೇ ಹೊರುತ್ತಾರೆ, ಸೈಕಲ್ಲಿನಲ್ಲಿ ಸೀಟು ಹೊರುತ್ತದೆ. ಆದ್ದರಿಂದ ಪಕ್ಕದ ಮನೆಯವರು ತುಳಿಯುವ ಲೆವೆಲ್ ನೋಡಿ ನಿಮ್ಮದನ್ನು ಇಟ್ಟುಕೊಳ್ಳಬೇಡಿ. ತೆಳ್ಳಗಿನ ಹೆಂಗಸರಿಗೆ ಇದರಿಂದಲೇ ಎದೆ ಹಿಡಿದುಕೊಂಡದ್ದುಂಟು.

ನಡಿಗೆಗೆ ಖರ್ಚಿಲ್ಲ, ಆದರೆ ಅಳತೆ ಇಲ್ಲದಿದ್ದರೆ ಅದು ಬರೀ ತಿರುಗಾಟ. ಡಿಸ್‌ಚಾರ್ಜ್ ಹೊತ್ತಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ, ಎಷ್ಟು ಮೀಟರ್ ಎಂದು ಬರೆಸಿಕೊಳ್ಳಿ. 360 ಮೀಟರ್ ಬಂದಿದ್ದರೆ ಅದು ಗಂಟೆಗೆ 3.6 ಕಿ.ಮೀ. ವೇಗ. ಮೊದಲ ವಾರ ಅದರ ಶೇ 80 ಸಾಕು, ಅಂದರೆ ನಿಮಿಷಕ್ಕೆ 48 ಮೀಟರ್. ಮನೆ ಮುಂದಿನ ರಸ್ತೆಯಲ್ಲಿ ಟೇಪು ಹಿಡಿದು 30 ಮೀಟರಿಗೆ ಎರಡು ಗುರುತು ಹಾಕಿ. ಹತ್ತು ನಿಮಿಷದಲ್ಲಿ 16 ಸಲ ಆ ಅಂತರ ದಾಟಿದರೆ ವೇಗ ಸರಿಯಿದೆ. ಹಿಂದೆ ಮುಂದೆ ಐದೈದು ನಿಮಿಷ ನಿಧಾನ ನಡಿಗೆ. ಮೊದಲು ಹೊತ್ತನ್ನು 30 ನಿಮಿಷದವರೆಗೆ ಬೆಳೆಸಿ, ಆಮೇಲೆ ವೇಗಕ್ಕೆ ಕೈ ಹಾಕಿ. ಎರಡನ್ನೂ ಒಂದೇ ವಾರ ಏರಿಸಬೇಡಿ. ಟೆರೇಸಿನ ಮೇಲೆ ಎಂಟರ ಆಕಾರದಲ್ಲಿ ಸುತ್ತುವುದು ಈಗ ಎಲ್ಲೆಡೆ ನಡೆದಿದೆ. ಹೆಜ್ಜೆ ಹೆಜ್ಜೆಗೂ ತಿರುಗುವುದರಿಂದ ವೇಗ ಬರುವುದೇ ಇಲ್ಲ, ಬಿಪಿ ಮಾತ್ರೆ ತಿನ್ನುವವರಿಗೆ ತಲೆ ಸುತ್ತುವುದೊಂದು ಉಳಿಯುತ್ತದೆ. ಲಾಲ್‌ಬಾಗಿನ ಬಂಡೆ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಆಸೆ ಸದ್ಯಕ್ಕೆ ಬಿಡಿ. ಏರಿನಲ್ಲಿ ವೇಗ ಅಷ್ಟೇ ಇದ್ದರೂ ಹೃದಯದ ಕೆಲಸ ಎಷ್ಟು ಹೆಚ್ಚುತ್ತದೆ ಎಂಬುದನ್ನು ಮೇಲಿನ ಶೇ 5ರ ಲೆಕ್ಕವೇ ಹೇಳುತ್ತದೆ.

ಟ್ರೆಡ್‌ಮಿಲ್ಲಿನ ಗುಣ ಅದರ ಕರಾರುವಾಕ್ಕು. ವೇಗ, ಏರು, ಹೊತ್ತು ಮೂರೂ ನಮ್ಮ ಕೈಯಲ್ಲಿರುತ್ತವೆ. ಆಸ್ಪತ್ರೆಯಲ್ಲಿ ಇಸಿಜಿ ಹಚ್ಚಿ ಮಾಡಿಸುವಾಗ ಇದಕ್ಕೆ ಸಾಟಿಯಿಲ್ಲ. ಮನೆಗೆ ಬಂದಾಗ ತೊಂದರೆ ಶುರು. ಹೆದರಿದವರು ಕಂಬಿಯನ್ನು ಗಟ್ಟಿ ಹಿಡಿದು ಅದರ ಮೇಲೆ ಭಾರ ಹಾಕುತ್ತಾರೆ. ಆಗ ಪರದೆಯ ಮೇಲೆ 4.6 ಮೆಟ್ ಎಂದಿದ್ದರೂ ದೇಹ ಮಾಡುತ್ತಿರುವ ಕೆಲಸ ಅದಕ್ಕಿಂತ ಕಡಿಮೆ, ಬಿಗಿಮುಷ್ಟಿಯಿಂದ ಬಿಪಿ ಮಾತ್ರ ಮೇಲಕ್ಕೆ. ಎರಡು ಬೆರಳು ತಾಗಿಸಿ ನಡೆಯಲು ಬರುವವರೆಗೆ ವೇಗ ಏರಿಸಬಾರದು. ಎರಡನೆಯ ತೊಂದರೆ ಕರೆಂಟು. ಬೆಲ್ಟು ಥಟ್ಟನೆ ನಿಂತರೆ ಮುಗ್ಗರಿಸುವುದು ಒಂದು ಕಡೆ. ಅದಕ್ಕಿಂತ ಮುಖ್ಯ, ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದು ಒಮ್ಮೆಲೇ ನಿಲ್ಲುತ್ತದೆ, ರಕ್ತ ಕಾಲಲ್ಲೇ ತಂಗುತ್ತದೆ, ಬಿಪಿ ಕುಸಿದು ಕಣ್ಣು ಕತ್ತಲೆ ಬರುತ್ತದೆ. ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಬೇಗ. ಬೆಲ್ಟು ನಿಂತ ತಕ್ಷಣ ಇಳಿದು, ನೆಲದ ಮೇಲೆ ಐದು ನಿಮಿಷ ನಿಧಾನ ಹೆಜ್ಜೆ ಹಾಕಬೇಕು. ಸೇಫ್ಟಿ ಕೀಯ ಕ್ಲಿಪ್ಪು ಅಂಗಿಗೆ ಸಿಕ್ಕಿಸದೆ ಬೆಲ್ಟಿನ ಮೇಲೆ ಹತ್ತಲೇಬೇಡಿ. ಶುರು ಮಾಡುವಾಗ ಕಾಲು ಅಕ್ಕಪಕ್ಕದ ಪಟ್ಟಿಗಳ ಮೇಲಿರಲಿ, ವೇಗ 2 ಕಿ.ಮೀ. ಇರಲಿ. ಕೆಲವು ಯಂತ್ರಗಳು ಕಡಿಮೆ ಎಂದರೆ 1 ಕಿ.ಮೀ.ಗೆ ಓಡುತ್ತವೆ, ಕೊಳ್ಳುವಾಗ ಕೇಳಿ ನೋಡಿ.

ಸೈಕಲ್ಲಿನಲ್ಲಿ ಬೀಳುವ ಭಯವಿಲ್ಲ, ಕರೆಂಟು ಬೇಡ, ತುಳಿಯುತ್ತಲೇ ಬಿಪಿ ನೋಡಬಹುದು. ಸೀಟಿನ ಎತ್ತರ ಮಾತ್ರ ಸರಿಯಿರಬೇಕು: ಪೆಡಲ್ ಕೆಳಗಿದ್ದಾಗ ಮಂಡಿ 25ರಿಂದ 30 ಡಿಗ್ರಿ ಬಾಗಿರಲಿ. ತಗ್ಗಿಸಿ ಕೂತರೆ ಎರಡೇ ದಿನಕ್ಕೆ ಮಂಡಿಚಿಪ್ಪಿನ ಹಿಂದೆ ನೋವು. ನಡಿಗೆಯಲ್ಲಿ ಉಸಿರು ಮೊದಲು ಸೋಲುತ್ತದೆ, ಸೈಕಲ್ಲಿನಲ್ಲಿ ತೊಡೆ. ಹೀಗಾಗಿ ಟಿಎಂಟಿಯಲ್ಲಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆಯಲ್ಲಿ, ಸಿಕ್ಕ ಗರಿಷ್ಠ ಬಡಿತವನ್ನು ಹಿಡಿದು ಸೈಕಲ್ಲಿನ ಗುರಿ ಕಟ್ಟಿದರೆ ಅದು ಅತಿಯಾಗುತ್ತದೆ. ಬೈಪಾಸಿಗೆ ಕಾಲಿನ ರಕ್ತನಾಳ ತೆಗೆದವರು ಗಾಯ ಒಣಗುವವರೆಗೆ ಕಾಯಲಿ. ತೊಡೆಸಂದಿನಿಂದ ಸ್ಟೆಂಟ್ ಹಾಕಿಸಿಕೊಂಡವರು ಒಂದು ವಾರವಾದರೂ ಬಿಡಲಿ. ಅಗ್ಗದ ಸೈಕಲ್ಲುಗಳ ತಿರುಪಿನ ಮೇಲಿನ 1ರಿಂದ 8ರ ಅಂಕಿಗೆ ಯಾವ ಅರ್ಥವೂ ಇಲ್ಲ. ಒಂದೇ ಸೈಕಲ್ಲಿನಲ್ಲಿ ನಿನ್ನೆಗೂ ಇವತ್ತಿಗೂ ಹೋಲಿಸಲು ಅಷ್ಟೇ ಅದು.

ಒಂದು ಗುಂಪಿಗೆ ಮಾತ್ರ ಸೈಕಲ್ ಒಗ್ಗುವುದಿಲ್ಲ. ಪೇಸ್‌ಮೇಕರ್‌ಗಳಲ್ಲಿ ಹಲವು, ಎದೆಯ ಅಲುಗಾಟವನ್ನು ಗ್ರಹಿಸಿ ಬಡಿತ ಏರಿಸುತ್ತವೆ. ಸೈಕಲ್ಲಿನ ಮೇಲೆ ಕಾಲು ಓಡುತ್ತದೆ, ಎದೆ ಅಲುಗುವುದಿಲ್ಲ. ಬಡಿತ ಏರದೆ ರೋಗಿ ಬೇಗ ಸುಸ್ತಾಗುತ್ತಾರೆ. ಅಂಥವರಿಗೆ ಕೈ ಬೀಸಿ ನಡೆಯುವುದೇ ಮೇಲು.

ಏರ್‌ಬೈಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಅದರ ಹಿಡಿ ಹಿಂದೆ ಮುಂದೆ ಓಡುತ್ತದೆ, ತೋಳುಗಳು ತಳ್ಳಿ ಎಳೆಯುತ್ತವೆ. ಬೈಪಾಸಿಗೆ ಸೀಳಿ ತಂತಿಯಿಂದ ಹೊಲಿದ ಎದೆಮೂಳೆ ಗಟ್ಟಿಯಾಗಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಅದರ ಹಿಡಿ ಮುಟ್ಟಬಾರದು. ಕೆಮ್ಮುವಾಗ, ಹೊರಳುವಾಗ ಎದೆಯಲ್ಲಿ ಕಟಕ್ಕೆಂದರೆ ವ್ಯಾಯಾಮ ನಿಲ್ಲಿಸಿ ಸರ್ಜನ್ನರಿಗೆ ತೋರಿಸಿ.

ಯಾವುದನ್ನೇ ಮಾಡಿ, ಎಷ್ಟು ಜೋರು ಎಂಬುದೇ ಮುಖ್ಯ. ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತಿನ್ನುವವರಿಗೆ ಕೆಲಸಕ್ಕೆ ಬಾರದು. ಮಾತ್ರೆಯ ಕೆಲಸವೇ ಬಡಿತ ತಗ್ಗಿಸುವುದು. ಎಂದಿನ ಮಾತ್ರೆ ತೆಗೆದುಕೊಂಡೇ ಟಿಎಂಟಿ ಮಾಡಿಸಿದ್ದರೆ ಕಾರ್ವೊನೆನ್ ಸೂತ್ರ ನಡೆಯುತ್ತದೆ. ವಿಶ್ರಾಂತಿಯಲ್ಲಿ ಬಡಿತ 64, ಗರಿಷ್ಠ 124 ಎಂದಿಟ್ಟುಕೊಳ್ಳಿ. ನಡುವಿನ ಅಂತರ 60. ಅದರ ಶೇ 40ರಿಂದ 70ನ್ನು 64ಕ್ಕೆ ಕೂಡಿದರೆ ಗುರಿ 88ರಿಂದ 106. ಟಿಎಂಟಿಯಲ್ಲಿ ನೋವೋ ಇಸಿಜಿ ಬದಲಾವಣೆಯೋ ಕಂಡಿದ್ದರೆ, ಅದು ಕಂಡ ಬಡಿತಕ್ಕಿಂತ 10 ಕೆಳಗೇ ಇರಬೇಕು. ಕೈಗಡಿಯಾರದ ಅಂಕಿ ಪಟ್ಟಿ ಸಡಿಲವಿದ್ದರೆ ಸುಳ್ಳು, ಬಡಿತ ಏರುಪೇರಾಗುವವರಲ್ಲಿ ಬಿಗಿಯಾಗಿದ್ದರೂ ನಂಬುವಂತಿಲ್ಲ. ಬೆರಳಿನ ಆಕ್ಸಿಮೀಟರ್ ನಡೆಯುತ್ತಾ ಇದ್ದಾಗ ದಾರಿ ತಪ್ಪಿಸುತ್ತದೆ. ಮುಂಗೈ ನಾಡಿಯನ್ನು ನಿಂತ ಕೂಡಲೇ 10 ಸೆಕೆಂಡು ಎಣಿಸಿ ಆರರಿಂದ ಗುಣಿಸುವುದು ಈ ಎರಡಕ್ಕಿಂತ ವಾಸಿ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುವ ತೊಂದರೆ) ಇದ್ದವರಿಗೆ ಅದೂ ಸಾಲದು. ಅವರು ಸ್ವೀಡನ್ನಿನ ಗುನ್ನರ್ ಬೋರ್ಗ್ ಅವರ 6ರಿಂದ 20ರ ಆಯಾಸದ ಅಳತೆಪಟ್ಟಿಯಲ್ಲಿ 11ರಿಂದ 13ರೊಳಗಿರಲಿ: 11 ಎಂದರೆ ಹಗುರ, 13 ಎಂದರೆ ಸ್ವಲ್ಪ ಕಷ್ಟ. ಜೊತೆಯವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು.

ಯೋಗ? ಭಾರತದ 24 ಕೇಂದ್ರಗಳಲ್ಲಿ ಹೃದಯಾಘಾತವಾದ ಸುಮಾರು 4,000 ಜನರ ಮೇಲೆ ನಡೆದ ‘ಯೋಗ-ಕೇರ್’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ಆರೋಗ್ಯ ಸ್ಥಿತಿ ಸುಧಾರಿಸಿತು, ದಿನನಿತ್ಯದ ಕೆಲಸಕ್ಕೆ ಹೆಚ್ಚು ಜನ ಮರಳಿದರು. ಸಾವು, ಮರು ಆಘಾತಗಳಂಥ ದೊಡ್ಡ ಅವಘಡಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ನಡಿಗೆಯ ಜೊತೆಗೆ ಇರಲಿ ಎನ್ನುತ್ತೇವೆ. ಕುಂಭಕ, ಕಪಾಲಭಾತಿ, ಶೀರ್ಷಾಸನ ಬೇಡ. ಎದೆಮೂಳೆ ಕೂಡುವವರೆಗೆ ಕೈಯೂರಿ ನೆಲದಿಂದ ಏಳುವುದೂ ಬೇಡ, ಕುರ್ಚಿಯ ಮೇಲೆ ಮಾಡಿ.

ಕುಳಿತಿದ್ದಾಗಲೇ ಬಡಿತ 120 ದಾಟಿದ್ದರೆ, ಬಿಪಿಯ ಮೇಲಿನ ಅಂಕಿ 180 ಅಥವಾ ಕೆಳಗಿನದು 110 ಮೀರಿದ್ದರೆ, ಜ್ವರವಿದ್ದರೆ ಆ ದಿನ ಯಾವುದೂ ಬೇಡ. ಹಾರ್ಟ್ ಫೇಲ್ಯೂರ್ ಇರುವವರು ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು ತೂಕ ನೋಡಿಕೊಳ್ಳಲಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ನೀರು, ವ್ಯಾಯಾಮ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ನಡುವೆ ಎದೆ, ದವಡೆ, ಎಡತೋಳು ಬಿಗಿದರೆ ಕುಳಿತುಕೊಂಡು, ಡಾಕ್ಟರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಡಿ. ನಿಂತೇ ಇಟ್ಟುಕೊಂಡರೆ ಬಿಪಿ ಇಳಿದು ಬೀಳುತ್ತೀರಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ.